ಮಾಬುವನ್ನೂ ಜಾನ್ ಜುವಾಂಗನ್ನೂ ಬೆರೆಸಬೇಡಿ

ಸರ್, ಜಾನ್ ಜುವಾಂಗ್ ಅಂದರೆ ಮರ ತಬ್ಬಿದ ಹಾಗೆ ಕೈ ಹಿಡಿದು ಅಲುಗಾಡದೆ ನಿಲ್ಲೋ ಚೀನೀ ಅಭ್ಯಾಸ. ನೀವು ಅದಕ್ಕಂತ ತೊಡೆ ನೆಲಕ್ಕೆ ಸಮ ಆಗುವಷ್ಟು ಕೂತು ನಿಂತ ಫೋಟೊ ಹಾಕಿ, 'ಅರ್ಧ ಗಂಟೆಗೆ ಕಾಲು ನಡುಗಿತು, ಚೀ ಹರಿಯೋಕೆ ಶುರುವಾಯ್ತಾ?' ಅಂತ ಕೇಳಿದ್ದೀರಿ. ಅದು ಚೀ (ಮೈಯಲ್ಲಿ ಹರಿಯುತ್ತೆ ಅಂತ ಚೀನೀಯರು ಹೇಳೋ ಪ್ರಾಣಶಕ್ತಿ) ಅಲ್ಲ, ತೊಡೆ ಸೋತಿರೋದು. ಮೇಲೆ ಮರ ತಬ್ಬಿದ ಕೈ, ಕೆಳಗೆ ಶಾವೊಲಿನ್‌ನವರ ಮಾಬು, ಅಂದರೆ ಕುದುರೆ ಸವಾರನ ಹಾಗೆ ತೊಡೆ ಬಾಗಿಸಿ ಕೂರೋ ಕುಂಗ್ ಫು ಭಂಗಿ! ಮಾಬು ಕಾಲಿನ ಬಲಕ್ಕೆ, ಅದೇ ಬೇರೆ. ಇದೇ ಹಟದಲ್ಲಿ ನನ್ನ ಬಲ ಮೊಣಕಾಲು ಹಿಡಿದು, ಮೆಟ್ಟಿಲು ಇಳಿಯೋಕೂ ಗೋಡೆ ಹಿಡಿಯೋ ಹಾಗಾಗಿತ್ತು. ದಯವಿಟ್ಟು ಇವತ್ತೇ ನಿಲ್ಲಿಸಿ.

ನನಗೆ ಸರಿಹೋದದ್ದು ಎತ್ತರದ ಸ್ಟೂಲು. ಹಿಂದೆ ಇಟ್ಟುಕೊಂಡು, ಕೂರೋಕೆ ಹೊರಟವರ ಹಾಗೆ ಹಿಂಭಾಗ ಅದರ ಅಂಚಿಗೆ ತಾಗೀ ತಾಗದಷ್ಟು ಇಳಿಸಿ. ಬಾಲದ ಮೂಳೆ ತಾನಾಗಿ ಕೆಳಗೆ ಬಿಡುತ್ತೆ, ಸೊಂಟದ ಬಿಗಿ ಹೋಗುತ್ತೆ. ಮಂಡಿ ಬಾಗಬೇಕಾದ್ದು ಅಷ್ಟೇ. ಮಂಡಿ ಪಾದದ ಎರಡನೇ ಬೆರಳಿನ ದಿಕ್ಕಿಗೇ ಇರಲಿ. ಒಳಗೆ ವಾಲಿದರೆ ಇನ್ನೂ ಮೇಲೇಳಿ. ಹಾಗಂತ ಮಂಡಿ ಪೂರ್ತಿ ಸೆಟೆಸಲೂಬೇಡಿ, ತಲೆ ಸುತ್ತಿ ಬೀಳ್ತೀರಿ. ಮೊದಲು ಐದು ನಿಮಿಷ ಸಾಕು. ಮಂಡಿ ಒಳಗೆ ಚುಚ್ಚಿದರೆ ಅಲ್ಲಿಗೇ ಬಿಡಿ. ಬಿಪಿ ಮಾತ್ರೆ ತಗೊಳ್ಳೋರು, ಬಸುರಿಯರು ಡಾಕ್ಟರನ್ನು ಕೇಳಿಯೇ ನಿಲ್ಲಬೇಕು. ಊಟ ಆದ ಕೂಡಲೇ ಯಾರಿಗೂ ಬೇಡ.

ಫೋಟೊದಲ್ಲಿ ನಿಮ್ಮ ಭುಜ ಏರಿದೆ, ಮೊಣಕೈ ಇಳಿಸಿ. ಆಗಲೂ ಬಿಗಿ ಬಿಡದಿದ್ದರೆ ಕೈಯನ್ನು ಹೊಟ್ಟೆ ಮಟ್ಟಕ್ಕೆ ತನ್ನಿ, ಏನೂ ನಷ್ಟವಿಲ್ಲ. ಯಿಚುವಾನ್ ಅನ್ನೋ ಚೀನೀ ಕದನಕಲೆ ಕಟ್ಟಿದ ವಾಂಗ್ ಷಿಯಾಂಗ್‌ಝಾಯ್ ಅವರ ಶಿಷ್ಯ ಯು ಯೊಂಗ್‌ನಿಯನ್ ದಂತವೈದ್ಯರಾಗಿದ್ದರು. ಆಸ್ಪತ್ರೆಯ ರೋಗಿಗಳಿಗೇ ಜಾನ್ ಜುವಾಂಗ್ ಕಲಿಸಿದವರು. ತೊಡೆ ಹರಿಯೋ ಹಾಗೆ ಕೂತರೇನೇ ಫಲ ಅನ್ನೋದಾಗಿದ್ದರೆ ರೋಗಿಗಳು ನಿಲ್ಲೋಕಾಗ್ತಿತ್ತಾ? 'ಒಂದು ಗಂಟೆ ಚಾಲೆಂಜ್' ವಿಡಿಯೊಗಳನ್ನು ಈ ಗುಂಪಿಗೆ ಹಾಕೋರೂ ಇದನ್ನ ಸ್ವಲ್ಪ ಯೋಚಿಸಿ. ಹೊಸಬರು ಅದನ್ನೇ ನೋಡಿ ಕಾಲು ಕೆಡಿಸಿಕೊಳ್ತಾರೆ.

ಫೋಟೊದಲ್ಲಿರೋ ದಪ್ಪ ಮೆತ್ತೆಯ ರನ್ನಿಂಗ್ ಶೂ ಬಿಚ್ಚಿಡಿ, ಪಾದಕ್ಕೆ ನೆಲವೇ ಗೊತ್ತಾಗಲ್ಲ. ಬರಿಗಾಲೇ ಒಳ್ಳೇದು. ಶೂ ಬೇಕೇ ಬೇಕಂದ್ರೆ ಚೀನಾದ ಫೇಯ್‌ವೆ ಥರದ ತೆಳು ಅಡಿಯದು. ಬಾಟಾದ ಬಿಳಿ ಕ್ಯಾನ್ವಾಸೂ ನಡೆಯುತ್ತೆ, ಸುಮ್ಮನೆ ದುಡ್ಡು ಸುರೀಬೇಡಿ.

ಮುಗಿಸಿದ ಮೇಲೆ ಧೊಪ್ಪಂತ ಕೂರಬೇಡಿ, ಒಂದೆರಡು ಸುತ್ತು ನಡೀರಿ. ಆಮೇಲೆ ಎಂಟು ಭಾಗದ ಚೀನೀ ವ್ಯಾಯಾಮ ಬಾದುವಾನ್‌ಜಿನ್ ಮಾಡೋರು, ಚೀನಾದಲ್ಲಿ 2003ರಲ್ಲಿ ಹೊರತಂದ ಕ್ರಮವನ್ನೇ ಹಿಡೀರಿ, ನಿಧಾನವಾಗಿದೆ. ಅದರ ಕೊನೇ ಭಾಗದಲ್ಲಿ ಹಿಮ್ಮಡಿ ಎತ್ತಿ 7 ಸಲ ಬಿಡೋದಿದೆಯಲ್ಲ, ಮಂಡಿ ನೋವಿದ್ದರೆ ಹಿಮ್ಮಡಿ ನೆಲಕ್ಕೆ ಕುಟ್ಟಬೇಡಿ, ಮೆಲ್ಲಗೆ ಇಳಿಸಿ.