ಆಣೆ ಮಾಡಿ ಬಿಟ್ಟ ಮೂರನೇ ರಾತ್ರಿ

ಪತ್ರ: ನನ್ನ ತಮ್ಮನಿಗೆ 38 ವರ್ಷ. ದಿನಕ್ಕೆ ನಾಲ್ಕು ನೈಂಟಿ ಕುಡಿಯುತ್ತಿದ್ದವನು ದೇವರ ಮುಂದೆ ಆಣೆ ಮಾಡಿ ಒಮ್ಮೆಲೇ ಬಿಟ್ಟ. ಮೂರನೇ ರಾತ್ರಿ ಮೈಯೆಲ್ಲ ನಡುಗಿ, ಗೋಡೆ ಮೇಲೆ ಹುಳ ಹರಿಯುತ್ತಿವೆ ಎಂದು ಕೂಗಾಡಿದ. ಗಾಳಿ ಸೋಕಿದೆ ಎಂದರು, ಕೋಣೆಯಲ್ಲಿ ಕೂಡಿಹಾಕಿದೆವು. ಕೊನೆಗೆ ಒಂದು ಕ್ವಾರ್ಟರ್ ಕೊಟ್ಟಾಗ ತಣ್ಣಗಾದ. ಈಗ ಮತ್ತೆ ಕುಡಿತ. ಗೊತ್ತಾಗದಂತೆ ಸಾರಿನಲ್ಲಿ ಬೆರೆಸುವ ಪುಡಿ ಇದೆಯಂತೆ. ಕೊಡಬಹುದೇ? — ಓದುಗರು, ದಾವಣಗೆರೆ ಜಿಲ್ಲೆ

ಸಂಪಾದಕರ ಉತ್ತರ: ಸೋದರಿ, ಪುಡಿ ಬೇಡವೇ ಬೇಡ. ಕಾರಣ ಆಮೇಲೆ ಹೇಳುತ್ತೇವೆ. ಮೊದಲು ಆ ರಾತ್ರಿಯ ಮಾತು.

ನಾಲ್ಕು ನೈಂಟಿ ಎಂದರೆ 360 ಮಿ.ಲೀ. ವಿಸ್ಕಿ ಅಥವಾ ರಮ್ಮಿನಲ್ಲಿ ಅಷ್ಟಕ್ಕೆ ಸುಮಾರು 120 ಗ್ರಾಂ ಶುದ್ಧ ಆಲ್ಕೋಹಾಲ್. ಮದ್ಯ ಮಿದುಳನ್ನು ಮಂಕಾಗಿಸುತ್ತದೆ. ವರ್ಷಗಟ್ಟಲೆ ಹೀಗಾದಾಗ ಮಿದುಳು ಎದುರು ದಿಕ್ಕಿಗೆ ಜಗ್ಗಲು ಕಲಿಯುತ್ತದೆ. ಹಗ್ಗ ಜಗ್ಗಾಟದಲ್ಲಿ ಒಂದು ಕಡೆಯವರು ತಟ್ಟನೆ ಕೈಬಿಟ್ಟರೆ ಇನ್ನೊಂದು ಕಡೆಯವರು ಹಿಂದಕ್ಕೆ ಬೀಳುತ್ತಾರಲ್ಲ, ಹಾಗೆ. ಕೊನೆಯ ಗುಟುಕಿನ 6ರಿಂದ 12 ತಾಸಿನಲ್ಲಿ ಕೈನಡುಕ, ಬೆವರು, ವಾಕರಿಕೆ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಇಲ್ಲದ್ದು ಕಾಣುವುದು, ಹೊತ್ತುಗೊತ್ತು ತಿಳಿಯದಿರುವುದು, ಜ್ವರ. ಇದರಲ್ಲಿ ಜೀವ ಹೋಗಲೂಬಹುದು. ನಿಮ್ಮ ತಮ್ಮನಿಗೆ ಬಂದದ್ದು ಇದೇ ಇರಬೇಕು, ಗಾಳಿಯಲ್ಲ. ಕ್ವಾರ್ಟರ್ ಕೊಟ್ಟಾಗ ತಣ್ಣಗಾದದ್ದೂ ಇದಕ್ಕೇ.

ಹಾಗಾಗಿ ವೈದ್ಯರನ್ನು ಕಾಣುವವರೆಗೆ ಇನ್ನೊಮ್ಮೆ ಆಣೆ ಹಾಕಿಸಿ ಒಮ್ಮೆಲೇ ನಿಲ್ಲಿಸಬೇಡಿ. ಒಮ್ಮೆ ಸನ್ನಿ ಕಂಡವರು ಆಸ್ಪತ್ರೆಯಲ್ಲಿ ಇದ್ದುಕೊಂಡೇ ಕುಡಿತ ಬಿಡಬೇಕು. ಅಲ್ಲಿ ಮಿದುಳನ್ನು ಶಾಂತವಾಗಿಸುವ ಡಯಾಜೆಪಾಮ್ ಜಾತಿಯ ಮಾತ್ರೆ ಕೊಟ್ಟು, ವಾರ-ಹತ್ತು ದಿನದಲ್ಲಿ ದಿನದಿನಕ್ಕೂ ತಗ್ಗಿಸುತ್ತಾರೆ. ಅದನ್ನು ಮೆಡಿಕಲ್ ಶಾಪಿನಿಂದ ನೀವೇ ತಂದು ಕೊಡುವ ಹಾಗಿಲ್ಲ. ಮದ್ಯದ ಜತೆ ಸೇರಿದರೆ ಉಸಿರು ನಿಲ್ಲಬಹುದು.

ನಮ್ಮ ಊರುಗಳಲ್ಲಿ ಪದೇ ಪದೇ ಆಗುವ ಇನ್ನೊಂದು ತಪ್ಪು: ಸುಸ್ತೆಂದು ಗ್ಲೂಕೋಸ್ ಬಾಟಲಿ ಏರಿಸುವುದು. ದಿನವೂ ಕುಡಿದು ಊಟ ಬಿಟ್ಟವರಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ಬರಿದಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಹಾಕಿದರೆ ಇದ್ದಬದ್ದದ್ದೂ ಖರ್ಚಾಗಿ ಕಣ್ಣು ತೇಲಬಹುದು, ನಡಿಗೆ ತಪ್ಪಬಹುದು, ನೆನಪು ಕಾಯಂ ಆಗಿ ಅಳಿಸಿಹೋಗಬಹುದು. ಬಾಟಲಿಗೆ ಮೊದಲು ಥಯಾಮಿನ್ ಇಂಜೆಕ್ಷನ್ ಕೊಡಿ ಎಂದು ಬಾಯಿಬಿಟ್ಟು ಕೇಳಿ; ಸಂಕೋಚ ಬೇಡ.

ಇನ್ನು ಪುಡಿ. ಇಂಥ ಪುಡಿಯಲ್ಲಿ ಏನಿದೆಯೋ ಮಾರುವವನೂ ಹೇಳುವುದಿಲ್ಲ. ಡೈಸಲ್ಫಿರಾಮ್ ಎಂಬ ಕುಡಿತ ಬಿಡಿಸುವ ಔಷಧಿ ಇದ್ದರೆ, ಅದರ ಮೇಲೆ ಕುಡಿದವನಿಗೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಹೃದಯ ದುರ್ಬಲವಿದ್ದರೆ ಸಾವೂ ಬರಬಹುದು. ನಿಲ್ಲಿಸಿದ ಮೇಲೂ ಎರಡು ವಾರ ಅದರ ಪ್ರಭಾವ ಉಳಿಯುತ್ತದೆ. ವೈದ್ಯರು ಇದನ್ನು ಬಳಸುವುದುಂಟು, ಆದರೆ ಕುಡಿಯುವವನಿಗೆ ತಿಳಿಸಿ, ಅವನು ಒಪ್ಪಿದ ಮೇಲೆ. ಕುಡಿಯುವ ಆಸೆಯನ್ನೇ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮಾತ್ರೆಗಳೂ ಇವೆ.

ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಮನೆಗಳಲ್ಲಿ ನಿಮ್ಮ ಮನೆ ಇರಬಾರದು ಎಂಬುದು ನಮ್ಮ ಆಸೆ.

ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ. ಮುಂಚೆ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ಉಚಿತ, ಕನ್ನಡದಲ್ಲೇ ಸಿಗುತ್ತದೆ. ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ದಿನಕ್ಕೆ ಎಷ್ಟು, ಕೊನೆಗೆ ಕುಡಿದದ್ದು ಎಷ್ಟು ಗಂಟೆಗೆ, ಹಿಂದೆ ಫಿಟ್ಸ್ ಅಥವಾ ಕಾಮಾಲೆ ಆಗಿತ್ತೇ, ಈಗ ಯಾವ ಮಾತ್ರೆ ನುಂಗುತ್ತಿದ್ದಾನೆ. ಆ ಮೂರನೇ ರಾತ್ರಿಯ ಸಂಗತಿಯನ್ನು ಎಲ್ಲಕ್ಕಿಂತ ಮೇಲೆ ಬರೆಯಿರಿ.