ಸೋನಾರ್ ಇದ್ದಮೇಲೂ ನೀರಿನ ಉಷ್ಣತೆ ಯಾಕೆ ಅಳೆಯಬೇಕು?

ನಿಮ್ಮ ಪ್ರಶ್ನೆ ಹೀಗಿದೆ: "ಇಷ್ಟು ಶಕ್ತಿಶಾಲಿ ಸೋನಾರ್‌ಗಳು ಬಂದಮೇಲೂ ಜಲಾಂತರ್ಗಾಮಿ ಹುಡುಕಲು ನೌಕಾಪಡೆಗಳಿಗೆ ಸಾಗರವಿಜ್ಞಾನಿಗಳು ಯಾಕೆ ಬೇಕು? ನೀರಿನ ಉಷ್ಣತೆ ಅಳೆದರೆ ಏನು ಸಿಗುತ್ತದೆ?"

ಮೊದಲೇ ಹೇಳಿಬಿಡುತ್ತೇನೆ, ನಾನು ನೌಕಾಪಡೆಯವನಲ್ಲ. ನೀರೊಳಗೆ ಶಬ್ದ ಹೇಗೆ ಸಾಗುತ್ತದೆ ಎಂಬುದನ್ನು ಓದಿಕೊಂಡವನು, ಕೆಲವು ವರ್ಷ ಸಂಶೋಧನಾ ಹಡಗುಗಳಲ್ಲಿ ಉಷ್ಣತೆ, ಉಪ್ಪಿನಂಶ ಅಳೆಯುತ್ತ ಕಳೆದವನು. ಹಾಗಾಗಿ ಇಲ್ಲಿರುವುದೆಲ್ಲ ಪಠ್ಯಪುಸ್ತಕದ ಭೌತವಿಜ್ಞಾನ, ಗುಟ್ಟೇನೂ ಇಲ್ಲ.

ಸೋನಾರ್ ಅಂದರೆ ನೀರೊಳಗೆ ಶಬ್ದ ಕಳಿಸಿ ಪ್ರತಿಧ್ವನಿಯನ್ನೋ, ಸುಮ್ಮನೆ ಬೇರೆಯವರ ಸದ್ದನ್ನೋ ಆಲಿಸುವ ಯಂತ್ರ. ಅದಕ್ಕೆ ಎಷ್ಟು ದೂರ ಕೇಳಿಸುತ್ತದೆ ಅನ್ನುವುದು ಯಂತ್ರದಷ್ಟೇ ಆ ದಿನದ ನೀರಿನ ಕೈಯಲ್ಲೂ ಇದೆ. ಜಲಾಂತರ್ಗಾಮಿ ಎಲ್ಲಿದೆ ಎಂದು ಸಾಗರವಿಜ್ಞಾನಿ ಹೇಳಲಾರ. "ಇವತ್ತು ನಿಮ್ಮ ಹಡಗಿನ ಕಿವಿ ಎಲ್ಲೆಲ್ಲಿ ಕಿವುಡು" ಎಂದು ಮಾತ್ರ ಹೇಳಬಲ್ಲ. ಹುಡುಕುವವನಿಗೆ ಅದೇ ದೊಡ್ಡ ಮಾಹಿತಿ.

ಬಿಸಿಲ್ಗುದುರೆ ನೋಡಿರುತ್ತೀರಿ. ಕಾದ ನೆಲದ ಮೇಲಿನ ಬಿಸಿಗಾಳಿಯಲ್ಲಿ ಬೆಳಕು ಬಾಗಿ, ಇಲ್ಲದ ನೀರನ್ನು ತೋರಿಸುತ್ತದೆ. ಸಮುದ್ರದೊಳಗೆ ಶಬ್ದದ ಪಾಡೂ ಇದೇ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್ ಎಂದು ಶಾಲೆಯಲ್ಲಿ ಕಲಿತೆವು. ಆ "ಸುಮಾರು" ಎನ್ನುವ ಪದದಲ್ಲೇ ಇಡೀ ಕಥೆ ಅಡಗಿದೆ. ನೀರು ಬೆಚ್ಚಗಾದಷ್ಟೂ, ಉಪ್ಪು ಹೆಚ್ಚಿದಷ್ಟೂ, ಆಳಕ್ಕಿಳಿದು ಒತ್ತಡ ಏರಿದಷ್ಟೂ ವೇಗ ಹೆಚ್ಚುತ್ತದೆ. ಮೇಲಿನ ಕೆಲವು ನೂರು ಮೀಟರುಗಳಲ್ಲಿ ಸಾಮಾನ್ಯವಾಗಿ ಉಷ್ಣತೆಯದ್ದೇ ಕಾರುಬಾರು. ಮತ್ತೆ ಶಬ್ದದ ಚಾಳಿ ಏನೆಂದರೆ, ವೇಗ ಎಲ್ಲಿ ಕಡಿಮೆಯೋ ಆ ಕಡೆಗೆ ಬಾಗುವುದು.

ಒಂದು ಲೆಕ್ಕ ಹಾಕೋಣ. ಬೆಚ್ಚನೆಯ ಸಮುದ್ರವೊಂದರಲ್ಲಿ ಮೇಲಿನ 50 ಮೀಟರ್ ನೀರನ್ನು ಗಾಳಿ, ಅಲೆ ಕದಡಿ ಕದಡಿ ಒಂದೇ ಸಮ 28 ಡಿಗ್ರಿ ಮಾಡಿವೆ ಎಂದುಕೊಳ್ಳಿ. ಅಲ್ಲಿಂದ 150 ಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ಉಷ್ಣತೆ 18 ಡಿಗ್ರಿಗೆ ಇಳಿಯುತ್ತದೆ. ಶಬ್ದದ ವೇಗ ಸುಮಾರು 1,542ರಿಂದ 1,518ಕ್ಕೆ ಬರುತ್ತದೆ. ನೂರಕ್ಕೆ ಒಂದೂವರೆ ಪಾಲು ವ್ಯತ್ಯಾಸ, ಅಷ್ಟೆ. ಆದರೆ ಉಷ್ಣತೆ ಇಳಿಯತೊಡಗುವ ಆ 50 ಮೀಟರ್ ಆಳದಿಂದ ನೆಲಕ್ಕೆ ಸಮಾನಾಂತರವಾಗಿ ಹೊರಟ ಶಬ್ದ ಒಂದು ಕಿಲೋಮೀಟರ್ ಸಾಗುವಷ್ಟರಲ್ಲಿ ಸುಮಾರು 75 ಮೀಟರ್ ಕೆಳಕ್ಕೆ ಬಾಗಿರುತ್ತದೆ. ನೀವು ನೇರ ಕೂಗಿದ್ದೀರಿ, ಕೂಗು ಪಾತಾಳದ ದಾರಿ ಹಿಡಿದಿದೆ.

ಮೇಲಿನ 50 ಮೀಟರಿನಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ. ಅಲ್ಲಿ ಉಷ್ಣತೆ ಬದಲಾಗದ ಕಾರಣ ಒತ್ತಡದಿಂದಾಗಿ ಆಳಕ್ಕೆ ಹೋದಂತೆ ವೇಗ ತುಸು ಏರುತ್ತದೆ. ಶಬ್ದ ಮೇಲಕ್ಕೆ ಬಾಗಿ, ನೀರಿನ ಮೇಲ್ಮೈಗೆ ಬಡಿದು, ಮತ್ತೆ ಕೆಳಗಿಳಿದು, ಮತ್ತೆ ಮೇಲಕ್ಕೆ ಬಾಗಿ, ಆ ಪದರದೊಳಗೇ ಪುಟಿಯುತ್ತ ದೂರ ಸಾಗುತ್ತದೆ. ಒಂದು ಪಾಲು ಮೇಲೆ ಸಿಕ್ಕಿಬಿತ್ತು, ಇನ್ನೊಂದು ಪಾಲು ಕೆಳಗೆ ಜಾರಿತು. ಎರಡರ ನಡುವೆ, ಪದರದ ತಳಕ್ಕಿಂತ ಸ್ವಲ್ಪ ಕೆಳಗೆ, ಶಬ್ದ ಬಹುಮಟ್ಟಿಗೆ ತಲುಪದ ಜಾಗವೊಂದು ಉಳಿಯುತ್ತದೆ. ಅದಕ್ಕೆ ನೆರಳು ವಲಯ ಎನ್ನುತ್ತಾರೆ. ಜಾಣ ಜಲಾಂತರ್ಗಾಮಿ ಕೂರುವುದು ಅಲ್ಲೇ. ಹಡಗಿನ ತಳದಲ್ಲಿರುವ ಸೋನಾರ್‌ನ ಶಕ್ತಿ ಇಮ್ಮಡಿ ಮಾಡಿದರೂ ಅಲ್ಲಿಗೆ ಹೆಚ್ಚೇನೂ ತಲುಪುವುದಿಲ್ಲ. ಮಾಡಬೇಕಾದ್ದು ಕಿವಿಯನ್ನೇ ಪದರದ ಕೆಳಗಿಳಿಸುವುದು. ಕೇಬಲ್‌ನಲ್ಲಿ ಎಳೆದೊಯ್ಯುವ ಸೋನಾರ್, ಹೆಲಿಕಾಪ್ಟರ್‌ನಿಂದ ಅದ್ದುವ ಸೋನಾರ್, ವಿಮಾನದಿಂದ ಎಸೆಯುವ, ತೇಲುತ್ತ ಆಲಿಸುವ ಸೋನೋಬಾಯ್ ಇವೆಲ್ಲ ಇರುವುದಕ್ಕೆ ಇದೊಂದು ಮುಖ್ಯ ಕಾರಣ. ಎಷ್ಟು ಆಳಕ್ಕೆ ಇಳಿಸಬೇಕು? ಪದರದ ತಳ ಎಲ್ಲಿದೆ ಎಂದು ಗೊತ್ತಿರದೆ ಇದಕ್ಕೆ ಉತ್ತರವಿಲ್ಲ. ನೀವು ಕೇಳಿದ ಉಷ್ಣತೆಯ ಅಳತೆ ಬೇಕಾಗುವುದು ಇಲ್ಲಿ.

ಇದರಲ್ಲೂ ಒಂದು ತೊಡಕಿದೆ. ತೆಳು ಪದರ ದಪ್ಪ ದನಿಯನ್ನು, ಅಂದರೆ ಕಡಿಮೆ ಆವರ್ತನದ ಶಬ್ದವನ್ನು, ಹಿಡಿದಿಟ್ಟುಕೊಳ್ಳಲಾರದು. 100 ಮೀಟರ್ ದಪ್ಪದ ಪದರ ಸುಮಾರು 200 ಹರ್ಟ್ಸ್‌ಗಿಂತ ಮೇಲಿನ ಶಬ್ದವನ್ನು ಹಿಡಿದಿಡುತ್ತದೆ. ಪದರ 30 ಮೀಟರ್ ಆದರೆ ಆ ಮಿತಿ 1,000 ಹರ್ಟ್ಸ್ ಆಸುಪಾಸಿಗೆ ಏರುತ್ತದೆ. ಯಂತ್ರಗಳ ಗುಂಯ್‌ಗುಡುವಿಕೆ ಬಹುಪಾಲು ಇದಕ್ಕಿಂತ ಕೆಳಗಿನದು, ಅದು ಪದರದಿಂದ ಸೋರಿಹೋಗುತ್ತದೆ. ಹಾಗಾಗಿ "ಪದರ ಇದೆ" ಎಂದಷ್ಟೇ ಹೇಳುವವನ ಮಾತು ಅರ್ಧ ಸತ್ಯ. ಯಾವ ದನಿಗೆ ಇದೆ ಎಂದೂ ಹೇಳಬೇಕು.

ಇದು ಗೊತ್ತಾದ ಕಥೆ ನನಗೆ ಬಹಳ ಇಷ್ಟ. 1930ರ ದಶಕದಲ್ಲಿ ಅಮೆರಿಕದ ನೌಕಾಪಡೆ ಕ್ಯೂಬಾದ ಗ್ವಾಂಟನಾಮೊ ಕೊಲ್ಲಿಯ ಬಳಿ ಸೋನಾರ್ ಪರೀಕ್ಷೆ ಮಾಡುತ್ತಿತ್ತು. ಬೆಳಿಗ್ಗೆ ಸರಿಯಾಗಿ ಕೇಳಿಸುತ್ತಿದ್ದ ಪ್ರತಿಧ್ವನಿ ಮಧ್ಯಾಹ್ನದ ನಂತರ ಮಂಕಾಗುತ್ತಿತ್ತು. ಊಟ ಮಾಡಿ ಬಂದ ಆಪರೇಟರುಗಳು ತೂಕಡಿಸುತ್ತಾರೆ ಎಂಬ ಗುಮಾನಿಯೂ ಇತ್ತಂತೆ! ಅಮೆರಿಕದ ವುಡ್ಸ್ ಹೋಲ್ ಸಾಗರವಿಜ್ಞಾನ ಸಂಸ್ಥೆಯ ಕೊಲಂಬಸ್ ಐಸ್ಲಿನ್ ತಮ್ಮ 'ಅಟ್ಲಾಂಟಿಸ್' ಹಡಗಿನೊಂದಿಗೆ ಹೋಗಿ ನೀರನ್ನೇ ಅಳೆದರು. ಬಿಸಿಲಿಗೆ ಮೇಲಿನ ಕೆಲವು ಮೀಟರ್ ನೀರು ಒಂದೆರಡು ಡಿಗ್ರಿ ಕಾದು, ಶಬ್ದವನ್ನು ಕೆಳಕ್ಕೆ ಬಾಗಿಸುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಗುತ್ತೇವಲ್ಲ, ಅಲ್ಲಿ ನೆಲ ನಿಜಕ್ಕೂ ಡೊಂಕಾಗಿತ್ತು. ಅದೇ ದಶಕದ ಕೊನೆಗೆ ಅಥೆಲ್‌ಸ್ಟನ್ ಸ್ಪಿಲ್‌ಹೌಸ್ ರೂಪಿಸಿದ ಬಾಥಿಥರ್ಮೋಗ್ರಾಫ್, ಮಸಿ ಹಿಡಿಸಿದ ಗಾಜಿನ ತುಂಡಿನ ಮೇಲೆ ಆಳಕ್ಕೆ ತಕ್ಕ ಉಷ್ಣತೆಯ ಗೆರೆ ಕೊರೆಯುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಬೇಟೆಯಾಡುವ ಹಡಗುಗಳೂ ಅದನ್ನು ಇಟ್ಟುಕೊಂಡವು, ಅಡಗುವ ಜಲಾಂತರ್ಗಾಮಿಗಳೂ ಇಟ್ಟುಕೊಂಡವು.

ಈಗ ಬಳಸುವುದು ಒಮ್ಮೆ ಎಸೆದರೆ ವಾಪಸು ಬಾರದ ಬಾಥಿಥರ್ಮೋಗ್ರಾಫ್, ಚಿಕ್ಕದಾಗಿ ಎಕ್ಸ್‌ಬಿಟಿ. ಮೊಳಕ್ಕಿಂತ ಗಿಡ್ಡನೆಯ ಪುಟ್ಟ ಕ್ಷಿಪಣಿಯಂಥ ವಸ್ತು, ಮೂತಿಯಲ್ಲಿ ಉಷ್ಣತೆ ಗ್ರಹಿಸುವ ಥರ್ಮಿಸ್ಟರ್, ಹಿಂದೆ ಕೂದಲೆಳೆಯಂಥ ತಾಮ್ರದ ತಂತಿ. ಹಡಗು ನಿಲ್ಲಿಸಬೇಕಿಲ್ಲ. ಎಸೆದರೆ ಎರಡು ನಿಮಿಷದಲ್ಲಿ 760 ಮೀಟರ್ ತಲುಪಿ, ತಂತಿ ತುಂಡಾಗಿ, ಕೆಲಸ ಮುಗಿಯುತ್ತದೆ. ತಮಾಷೆಯೆಂದರೆ ಅದು ಆಳವನ್ನು ಅಳೆಯುವುದೇ ಇಲ್ಲ. ಬೀಳುವ ವೇಗ ಗೊತ್ತಿದೆಯೆಂದು ನಂಬಿ, ಸಮಯದಿಂದ ಲೆಕ್ಕ ಹಾಕುತ್ತೇವೆ. ಒಂದು ರಾತ್ರಿಪಾಳಿಯಲ್ಲಿ ನನ್ನ ಪರದೆಯ ಮೇಲೆ 90 ಮೀಟರಿನಲ್ಲಿ ಉಷ್ಣತೆ ಥಟ್ಟನೆ ಮೇಲಕ್ಕೆ ಜಿಗಿಯಿತು. ಹೊಸ ಬಿಸಿನೀರಿನ ಪದರ ಸಿಕ್ಕಿತೆಂದು ಹಿಗ್ಗಿದ್ದೆ. ನೋಡಿದರೆ ಗಾಳಿಗೆ ತಂತಿ ಹಡಗಿನ ಮೈಗೆ ಉಜ್ಜುತ್ತಿತ್ತು. ಇನ್ನೊಂದು ಎಸೆದೆ, ಗೆರೆ ನೆಟ್ಟಗೆ ಬಂತು. ಇಂಥ ಸುಳ್ಳು ಪದರವನ್ನು ಯಾರಾದರೂ ನಂಬಿ ಸೋನಾರ್ ಇಳಿಸಿದ್ದರೆ ಏನಾಗುತ್ತಿತ್ತು, ಯೋಚಿಸಿ.

ಆಳ ಸಮುದ್ರದ ಕಥೆ ಬೇರೆಯೇ. ಮಧ್ಯ ಅಕ್ಷಾಂಶಗಳಲ್ಲಿ ಸುಮಾರು 1,000 ಮೀಟರ್ ಆಳದಲ್ಲಿ ಶಬ್ದದ ವೇಗ ಅತಿ ಕಡಿಮೆ. ಅದರಾಚೆ ಒತ್ತಡ ಗೆದ್ದು ವೇಗ ಮತ್ತೆ ಏರುತ್ತದೆ. ಮೇಲೆ ಹೋದರೂ ಕೆಳಗೆ ಹೋದರೂ ಶಬ್ದ ಆ ಆಳಕ್ಕೇ ಮರಳಿ ಬಾಗುವುದರಿಂದ, ಅಲ್ಲಿ ದಪ್ಪ ದನಿ ಸಾವಿರಾರು ಕಿಲೋಮೀಟರ್ ಸಾಗಬಲ್ಲದು. ಶೀತಲ ಸಮರದ ಕಾಲದಲ್ಲಿ ಅಮೆರಿಕ ಸಮುದ್ರತಳದಲ್ಲಿ ಹಾಸಿದ 'ಸೋಸಸ್' ಎಂಬ ಆಲಿಸುವ ಜಾಲ ನೆಚ್ಚಿಕೊಂಡಿದ್ದು ಇದನ್ನೇ. ನೀರು ಸಾಕಷ್ಟು ಆಳವಿದ್ದರೆ, ಮೇಲಿನಿಂದ ಹೊರಟ ಶಬ್ದ ಪಾತಾಳ ಸುತ್ತಿ 55–60 ಕಿಲೋಮೀಟರ್ ದೂರದಲ್ಲಿ ಮತ್ತೆ ಮೇಲೆ ಬಂದು ಸೇರುವುದೂ ಉಂಟು. ಹಾಗಾಗಿ ಹತ್ತಿಪ್ಪತ್ತು ಕಿಲೋಮೀಟರಿನಲ್ಲಿರುವುದು ಕೇಳಿಸದೆ, ಅಷ್ಟು ದೂರದ್ದು ಕೇಳಿಸಿಬಿಡಬಹುದು.

ಕರಾವಳಿಯ ಆಳವಿಲ್ಲದ ನೀರಿನಲ್ಲಿ ಉಷ್ಣತೆಯ ಜೊತೆ ತಳದ ಮಣ್ಣೂ ಲೆಕ್ಕಕ್ಕೆ ಬರುತ್ತದೆ. ಮೆತ್ತನೆ ಕೆಸರು ಶಬ್ದ ನುಂಗುತ್ತದೆ, ಮರಳು, ಬಂಡೆ ಹಿಂದಕ್ಕೆಸೆಯುತ್ತವೆ. ಮುಳುಗಿದ ಹಳೆಯ ಹಡಗುಗಳ ಪ್ರತಿಧ್ವನಿಯೂ ಪೀಡೆಯೇ.

ಇನ್ನು ಜೀವಿಗಳ ಗಲಾಟೆ. ಬೆಚ್ಚನೆಯ ತೀರಗಳಲ್ಲಿ ಕೊಂಡಿ ಚಟಪಟಿಸುವ ಸೀಗಡಿಗಳು ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಇಡೀ ದಿನ ಸದ್ದು ಮಾಡುತ್ತವೆ. ಯುದ್ಧಕಾಲದಲ್ಲಿ ಸೋನಾರ್‌ಗೆ ಕೆಲವು ನೂರು ಮೀಟರ್ ಆಳದಲ್ಲಿ ಇಲ್ಲದ ತಳವೊಂದು ಕಾಣಿಸುತ್ತಿತ್ತು. ಅದು ಹಗಲು ಕೆಳಗಿಳಿದು ರಾತ್ರಿ ಮೇಲೇರುವ ಸಣ್ಣ ಮೀನು, ಸೀಗಡಿಯಂಥ ಜೀವಿಗಳ ದಂಡು ಎಂದು ಆಮೇಲೆ ತಿಳಿಯಿತು. ಸ್ವೀಡನ್ನಿನ ನೌಕಾಪಡೆಯಂತೂ ವಿದೇಶಿ ಜಲಾಂತರ್ಗಾಮಿಯದ್ದೆಂದು ಶಂಕಿಸಿ ಬೆನ್ನಟ್ಟಿದ ಸದ್ದುಗಳಲ್ಲೊಂದು, ಹೆರಿಂಗ್ ಮೀನುಗಳು ಹಿಂಡುಹಿಂಡಾಗಿ ಹೊಟ್ಟೆಯ ಗಾಳಿ ಬಿಟ್ಟಿದ್ದು!

ಕೊನೆಗೊಂದು ಮಾತು, ಈ ಅಳತೆ ಬೇಗ ಹಳಸುತ್ತದೆ. ಒಂದೇ ಜಾಗದಲ್ಲಿ ಆರು ಗಂಟೆ ಬಿಟ್ಟು ಅಳೆದಾಗ ಪದರದ ತಳ ಇಪ್ಪತ್ತು ಮೀಟರ್ ಸರಿದಿದ್ದನ್ನು ನಾನೇ ಕಂಡಿದ್ದೇನೆ. ನೀರೊಳಗಿನ ಅಲೆಗಳು ಅದನ್ನು ಏರಿಸಿ ಇಳಿಸುತ್ತಿರುತ್ತವೆ. ಉಪಗ್ರಹ ಮೇಲ್ಮೈಯ ಉಷ್ಣತೆ, ಎತ್ತರ ತೋರಿಸಿ ದೊಡ್ಡ ಸುಳಿಗಳು ಎಲ್ಲಿವೆ ಎಂದು ಹೇಳುತ್ತದೆ, ಒಳಗಿನದನ್ನು ಕಂಪ್ಯೂಟರ್ ಮಾದರಿಗಳು ಊಹಿಸುತ್ತವೆ. ಆದರೂ ಹಡಗಿನವರು ಮತ್ತೆ ಮತ್ತೆ ಎಸೆದು ನೋಡಲೇಬೇಕು. ಜಲಾಂತರ್ಗಾಮಿಗೆ ಎಸೆಯುವ ತಾಪತ್ರಯವೂ ಇಲ್ಲ. ಅದರ ಮೈಮೇಲೇ ಉಷ್ಣತೆಯ ಮಾಪಕವಿದೆ, ಇಳಿಯುತ್ತ ಹೋದರೆ ಪದರ ಎಲ್ಲಿ ಮುಗಿಯಿತೆಂದು ತಾನಾಗಿ ಗೊತ್ತಾಗುತ್ತದೆ.