ವಾರಾಂತ್ಯದ ಸೈನಿಕರಿಗೆ ಲಕ್ಷ ಎಕರೆಯ ನೆಲೆ ಯಾಕೆ?

ಟ್ಯಾಂಕ್ ಪಡೆ ಸುಮ್ನೆ ಗುಂಡು ಹಾರಿಸಿದರೆ ಸಾಲದು. ಚದುರಿ, ಮೈಲಿಗಟ್ಟಲೆ ಸುತ್ತು ಹಾಕಿ, ಪಕ್ಕದಿಂದ ನುಗ್ಗುವುದನ್ನೂ ಕಲಿಯಬೇಕು. ಅಮೆರಿಕದ ಅರೆಕಾಲಿಕ ಸೈನಿಕರಾದ ನ್ಯಾಷನಲ್ ಗಾರ್ಡ್‌ನವರಿಗೆ ತರಬೇತಿಗೆ ಸಾಮಾನ್ಯವಾಗಿ ಸಿಗುವುದು ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆ ಎರಡು ವಾರ. ಅದರಲ್ಲಿ ದೂರ ಪ್ರಯಾಣಕ್ಕೇ ಎರಡು ದಿನ ಹೋದರೆ ಕಲಿಯೋದು ಯಾವಾಗ?

ಮಿಸ್ಸಿಸ್ಸಿಪ್ಪಿ ರಾಜ್ಯದಲ್ಲಿರುವ ಅವರ ತರಬೇತಿ ನೆಲೆ ಕ್ಯಾಂಪ್ ಶೆಲ್ಬಿ ನೋಡಿ. 1917ರಲ್ಲಿ ಶುರುವಾದದ್ದು, ಈಗ 1.3 ಲಕ್ಷ ಎಕರೆಗೂ ಜಾಸ್ತಿ. ಆದರೆ ಬಹುಪಾಲು ಜಾಗ ಡಿಸೋಟೊ ರಾಷ್ಟ್ರೀಯ ಅರಣ್ಯದ್ದು. ಅರಣ್ಯ ಇಲಾಖೆಯ ಪರವಾನಗಿ ಬೇಕು.

ನಿಜವಾದ ತೊಡಕು ಮಾತ್ರ ಒಂದು ಆಮೆ! ಪೈನ್ ಮರಗಳ ನಡುವೆ, ಮರಳು ಮಣ್ಣಿನಲ್ಲಿ ಉದ್ದನೆಯ ಬಿಲ ತೋಡುವ ಗೋಫರ್ ಆಮೆ. 60 ಟನ್ ದಾಟುವ ಏಬ್ರಮ್ಸ್ ಟ್ಯಾಂಕ್ ಮೇಲೆ ಹೋದರೆ ಬಿಲ ಉಳಿಯುತ್ತದೆಯೇ? ಆ ಭಾಗದ ಆಮೆಗೆ 1987ರಿಂದ ಕಾನೂನಿನ ರಕ್ಷಣೆ ಇದೆ. ಹಾಗಾಗಿ ಟ್ಯಾಂಕ್ ಎಲ್ಲಿ ತಿರುಗಬೇಕು ಅನ್ನುವಾಗ ಆಮೆಯ ಬಿಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.